ಪುಟ ನಲವತ್ತೊಂದು

ಮುಬೀನಾ, ಮೊದಲು ಹುರುಳಿ ನೆನೆಹಾಕು.
ಗಾಂಧಿ ಬಜಾರಿನ ಹಳೇ ದಾಸ್ತಾನು ಬೇಡ, ಹೊಸ ಕಾಳು ತಾ.
ರಾತ್ರಿಯೆಲ್ಲ ನೆಂದದ್ದನ್ನು ಐಸಿನ ಮೇಲಿಟ್ಟು ಅರೆ,
ತೆಳು ಬಟ್ಟೆಯಲ್ಲಿ ಸೋಸು.
ನಮ್ಮಮ್ಮ ಹುರುಳಿ ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು.
ನಾವು ಯೂರಿಯಾ ಕೊಡೋಣ.

ಕಿಣ್ವ ಯೂರಿಯಾ ಮುರಿಯುತ್ತದೆ, ಮುರಿದಷ್ಟು ಅಮೋನಿಯಾ,
ಅಮೋನಿಯಾ ಇದ್ದಷ್ಟು ಹಳದಿ.
ಹಳದಿ ಓದಲಿಕ್ಕೆ ಈ ಮೀಟರು.
ಮುಳ್ಳು ನಡುಗುತ್ತದೆ. ನಿಲ್ಲುವ ತನಕ ಕಾಯಿ.

ಬಸ್‌ಸ್ಟ್ಯಾಂಡಿನ ಎದುರು ಕೆಂಚಪ್ಪನ ದೋಸೆ ಕಾವಲಿ ನೋಡಿದ್ದೀಯಲ್ಲ?
ಇಬ್ಬರು ಬಂದರೆ ಎರಡು, ನಾಲ್ವರು ಬಂದರೆ ನಾಲ್ಕು.
ಸಾಗರದ ಬಸ್ಸಿಳಿದು ನಲವತ್ತು ಜನ ಮುತ್ತಿದರೂ
ಕಾವಲಿಗೆ ಹಿಡಿಯುವುದು ಆರೇ.
ಎಷ್ಟು ಗಿರಾಕಿ ಮುತ್ತಿದಾಗ ಅವನ ಕೈ
ತನ್ನ ಪೂರ್ತಿ ವೇಗದ ಅರ್ಧ ಮುಟ್ಟುತ್ತದೋ
ಆ ಮುತ್ತಿಗೆಯ ಲೆಕ್ಕವೇ ನಮಗೆ ಬೇಕಾದ ಸಂಖ್ಯೆ.
ಅದಕ್ಕೇ ಗ್ರಾಫು ಮೊದಲು ಏರುತ್ತದೆ,
ಆಮೇಲೆ ಬಾಗುತ್ತದೆ,
ಆಮೇಲೆ ಸಾಕೆನ್ನುತ್ತದೆ.

ಬಾಗಿದ್ದಕ್ಕೆ ಹಿಡಿಯುವ ಸ್ಕೇಲು ನಮ್ಮ ಕಾಲಕ್ಕೆ ಇರಲಿಲ್ಲ.
ಚೌಡಪ್ಪ ಮೇಷ್ಟ್ರು ಕಲಿಸಿದ ಉಪಾಯ ಇದು:
ಸಾಂದ್ರತೆಯನ್ನೂ ವೇಗವನ್ನೂ ತಲೆಕೆಳಗು ಮಾಡು,
ಒಂದನ್ನು ಅವುಗಳಿಂದ ಭಾಗಿಸು,
ಬಾಗಿದ್ದು ತಾನೇ ನೆಟ್ಟಗಾಗುತ್ತದೆ.
ತೊಂಬತ್ತೆರಡನೇ ಇಸವಿಯ ನನ್ನ ಪ್ರಬಂಧ, ಪುಟ ನಲವತ್ತೊಂದು.
ಆರು ಚುಕ್ಕಿ, ಇಂಡಿಯಾ ಇಂಕಿನ ಒಂದು ಗೆರೆ.
ಉತ್ತರ: ಸುಮಾರು ಆರು.
ಮೇಷ್ಟ್ರು ಸ್ಕೇಲಿಟ್ಟು ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು,
ಇಡೀ ವಿಭಾಗಕ್ಕೆ ಟೀ ತರಿಸಿದರು.

ನಿನ್ನೆ ನೀನು ಅವೇ ಅಂಕಿಗಳನ್ನು
ನಿನ್ನ ಲ್ಯಾಪ್‌ಟಾಪಿಗೆ ಉಣಿಸಿದೆ, ತಿರುಚದೆ, ಬಾಗಿದ್ದನ್ನು ಬಾಗಿದಂತೆ.
ಅದು ಮೊದಲು ಒಂದು ಊಹೆ ಕೇಳಿತು.
(ಯಂತ್ರಕ್ಕೂ ಊಹೆ ಬೇಕೆಂದು ನನಗೆ ಗೊತ್ತಿರಲಿಲ್ಲ.)
ಐದು ಎಂದೆವು. ತಪ್ಪೆಷ್ಟೆಂದು ತೂಗಿ ನೋಡಿತು, ಸರಿದು ಕೂತಿತು,
ಮತ್ತೆ ತೂಗಿತು, ಮೂರೂವರೆ, ಮೂರೂಕಾಲು,
ಮೂರು ಚಿಲ್ಲರೆ. ಅಲ್ಲೇ ನಿಂತಿತು.

ಮೂವತ್ತು ವರ್ಷ ಆರು ಎಂದು ಪಾಠ ಮಾಡಿದ್ದೇನೆ.

ರಾತ್ರಿ ಅಟ್ಟದ ಟ್ರಂಕಿನಿಂದ ಕಚ್ಚಾ ಪುಸ್ತಕ ಇಳಿಸಿದೆ.
ಅತಿ ತೆಳು ದ್ರಾವಣದ ಮೊದಲ ನಳಿಕೆ;
ಒಂದೂವರೆಯ ಹತ್ತಿರ ಬರಬೇಕಾದಲ್ಲಿ ಒಂದು ಚಿಲ್ಲರೆ.
ಪಕ್ಕದಲ್ಲಿ ಪೆನ್ಸಿಲ್ಲು, ನನ್ನದೇ ಕೈ:
ಕರೆಂಟು ಹೋಯಿತು, ಮತ್ತೆ ನೋಡಬೇಕು.
ನೋಡಲಿಲ್ಲ.

ಇದ್ದಲ್ಲೇ ಇದ್ದಿದ್ದರೆ ಅದು ಸಣ್ಣ ತಪ್ಪು, ಯಾರಿಗೂ ಕಾಣದ್ದು.
ತಲೆಕೆಳಗಾದಾಗ ಅತಿ ಚಿಕ್ಕದ್ದೇ
ಹಾಳೆಯ ಆಚೆ ತುದಿಗೆ ಹೋಗಿ ನಿಂತಿತು,
ಗೆರೆಯ ಕೊನೆ ಹಿಡಿದು ಒಂಟಿಯಾಗಿ ಜಗ್ಗಿತು.
ಚೆನ್ನಾಗಿ ಅಳೆದ ಚುಕ್ಕಿಗಳೆಲ್ಲ
ಈಚೆ ಮೂಲೆಯಲ್ಲಿ ಒತ್ತೊತ್ತಾಗಿ, ಬಾಯಿಲ್ಲದವರ ಹಾಗೆ.
ಆದರೂ ಗೆರೆ ಎಷ್ಟು ಚಂದ!
ನೂರಕ್ಕೆ ತೊಂಬತ್ತೆಂಟು ಅಂಕ ಅದಕ್ಕೆ.

ಬೆಳಿಗ್ಗೆ ಮೇಷ್ಟ್ರಿಗೆ ಫೋನು ಮಾಡಿದೆ.
ಕಿವಿ ಮಂದ, ಎರಡು ಸಲ ಹೇಳಬೇಕಾಯಿತು.
‘ಗೆರೆ ನೆಟ್ಟಗಿತ್ತಲ್ಲಮ್ಮ?’
ನೆಟ್ಟಗಿತ್ತು ಸಾರ್.
ಆ ಕಡೆ ಯಾರೋ ಕುಕ್ಕರು ಇಳಿಸಿದ ಸದ್ದು.
‘ಪ್ರತಿ ಚುಕ್ಕಿಗೂ ಗೆರೆಗೂ ಉಳಿದ ಅಂತರ ನೋಡಿದ್ಯಾ?’
ಆವತ್ತು ನೋಡಿರಲಿಲ್ಲ ಸಾರ್.
‘ನಾನೂ ನೋಡಲಿಲ್ಲ’ ಎಂದರು.
ಸ್ವಲ್ಪ ತಡೆದು, ‘ಟೀ ಚೆನ್ನಾಗಿತ್ತು.’

ಸಾಕು, ಫಿಲೋಮಿನಾ ಬೀಗದ ಕೈ ಆಡಿಸುತ್ತಿದ್ದಾಳೆ.
ಮುಬೀನಾ, ಆ ತೆಳು ನಳಿಕೆ ಇದೆಯಲ್ಲ, ಬಣ್ಣವೇ ಬಾರದ್ದು,
ಅದನ್ನು ಇನ್ನೊಮ್ಮೆ ಹಿಡಿ.
ಮೂರು ಸಲ ಹಿಡಿ.
ಕರೆಂಟು ಹೋದರೆ ಹೋಯಿತೆಂದು
ಶಾಯಿಯಲ್ಲಿ ಬರೆ.